ಅಕ್ಕನ ಬಲಭುಜ, ನನ್ನ ಎಡಗಾಲು

ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಕಡೆ ಅಂಥವರ ಕಾಲಿನಲ್ಲಿ ಒಂದು ಗುಣವಿದೆ ಎಂದು ನಂಬುತ್ತಾರೆ. ಸೊಂಟ ಹಿಡಿದುಕೊಂಡವರು, ಬೆನ್ನು ಉಳುಕಿದವರು ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಬಂದು ಚಾಪೆಯ ಮೇಲೆ ಬೋರಲು ಮಲಗುತ್ತಾರೆ. ಕಾಲು ಮುಂದಾಗಿ ಹುಟ್ಟಿದವನು ಒಂದು ಮಾತೂ ಆಡದೆ ಎಡಗಾಲಿನಿಂದ ಅವರ ಬೆನ್ನನ್ನು ಮೇಲಿನಿಂದ ಕೆಳಕ್ಕೆ ಮೂರು ಸಲ ಸವರಬೇಕು. ಕಾಸು ಮುಟ್ಟುವಂತಿಲ್ಲ. ಸವರಿಸಿಕೊಂಡವರು ಎದ್ದು ಹಿಂತಿರುಗಿ ನೋಡದೆ ಹೋಗಬೇಕು. ಇಷ್ಟೇ ಅದರ ಶಾಸ್ತ್ರ.

ನನ್ನನ್ನು ಹೆತ್ತ ಮೂರನೆಯ ತಿಂಗಳಿಗೆ ಅವ್ವ ತೀರಿಕೊಂಡಳು. ಸಾಕಿದವಳು ಅಕ್ಕ. ಆಗ ಅವಳಿಗೆ ಹನ್ನೆರಡು ವರ್ಷ. ನಮ್ಮ ಊರು ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕಿದೆ. ನಾನು ಅಲ್ಲಿಯ ಶಾಲೆಗೆ ನಾಲ್ಕು ವರ್ಷ ಹೋದೆ. ಅಕ್ಷರ ಕೂಡಿಸಿ ಓದುವುದು ಬಂತು, ಮಗ್ಗಿ ಏಳರಿಂದ ಮೇಲೆ ಹತ್ತಲಿಲ್ಲ. ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನ ಅಕ್ಕ ಶಾಲೆಯ ಬಾಗಿಲಿಗೇ ಬಂದು, "ಇಳಿಸಿ ಸ್ವಾಮಿ ಅವುನ್ನ. ಓದು ತಲೇಲಿ ಇಲ್ದಿದ್ರೇನು, ನನ್ ತಮ್ಮುಂಗೆ ಕಾಲಲ್ಲಿ ಐತೆ" ಎಂದಳು. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಎಲ್ಲರಿಗೂ ಏನೇನೋ ಬರುತ್ತದೆ, ನನಗೆ ಇದು ಬರುತ್ತದೆ ಎಂದುಕೊಂಡೆ.

ಅಕ್ಕನನ್ನು ಜಾವಗಲ್ಲಿಗೆ ಕೊಟ್ಟಿದ್ದರು. ಮೂರು ವರ್ಷಕ್ಕೆ ಭಾವ ಹೋದರು, ಮಕ್ಕಳಿರಲಿಲ್ಲ, ಅವಳು ಮನೆಗೆ ವಾಪಸು ಬಂದಳು. ಬಂದವಳು ಒಂದು ದಿನವೂ ಯಾರ ಹಂಗಿನಲ್ಲೂ ಕೂತು ಉಣ್ಣಲಿಲ್ಲ. ಕೊಬ್ಬರಿ ಒಡೆಯುವುದನ್ನು ಕಲಿತಳು. ನಮ್ಮಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎಂದು ಆಡುವ ಸದ್ದು ಕೇಳುತ್ತದೆ. ಆಗ ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪನ್ನು ಸುತ್ತಲೂ ಒಡೆದು, ಒಳಗಿನ ಕೊಬ್ಬರಿಯನ್ನು ಇಡಿಯಾಗಿ ತೆಗೆಯಬೇಕು. ಅದನ್ನು ಗಿಟುಕು ಎನ್ನುತ್ತೇವೆ. ಏಟು ಒಂದು ಕೂದಲು ಹೆಚ್ಚಾದರೆ ಗಿಟುಕು ಸೀಳುತ್ತದೆ, ಸೀಳಿದ ಗಿಟುಕನ್ನು ಅರಸೀಕೆರೆಯ ಮಂಡಿಯಲ್ಲಿ ಬೇರೆ ರಾಶಿಗೆ ಎಸೆಯುತ್ತಾರೆ.

ಅಕ್ಕನ ಮಚ್ಚು ಅವಳ ಕಿವಿಯ ಮಟ್ಟದಿಂದ ಇಳಿಯುತ್ತಿತ್ತು. ನಾಲ್ಕೇ ಏಟು. ಎಡಗೈಯಲ್ಲಿ ಕಾಯಿ ತಿರುಗುತ್ತಿತ್ತು, ಬಲಗೈ ಏಳುತ್ತಿತ್ತು, ಇಳಿಯುತ್ತಿತ್ತು, ಚಿಪ್ಪು ಉದುರುತ್ತಿತ್ತು. ಸುತ್ತಲಿನ ಊರಿನವರೆಲ್ಲ ಕೊಬ್ಬರಿ ಒಡೆಯುವ ಕಾಲಕ್ಕೆ ಮೊದಲೇ ಬಂದು ಅವಳಿಗೆ ಹೇಳಿ ಹೋಗುತ್ತಿದ್ದರು. "ನಿಮ್ಮಕ್ಕ ಒಡೆದ್ರೆ ಗಿಟುಕಿಗೆ ನೋವೇ ಆಗಲ್ಲ ಕಣಪ್ಪ" ಎನ್ನುತ್ತಿದ್ದರು. ಊರಲ್ಲಿ ಅವಳಿಗೆ ಇದ್ದ ಹೆಸರು ಅವಳ ಕೈಯದು, ನನಗೆ ಇದ್ದ ಹೆಸರು ನನ್ನ ಕಾಲಿನದು.

ನನ್ನ ಕಾಲಿನ ಹೆಸರು ತೊಂಬತ್ತರ ದಶಕದಲ್ಲಿ ಬಹಳ ಬೆಳೆಯಿತು. ಒಂದು ಬೆಳಿಗ್ಗೆ ಅರಸೀಕೆರೆಯಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು ಬಾಗಿ ನಡೆಯುತ್ತಿದ್ದರು. ಅಂಥವರ ಮುಂದೆ ನಾನು ಅರ್ಜಿ ಹಿಡಿದು ನಿಂತವನೇ ಹೊರತು ಕೂತವನಲ್ಲ. ಅವರು ನಮ್ಮ ಜಗುಲಿಯ ಚಾಪೆಯ ಮೇಲೆ ಬೋರಲು ಮಲಗಿದರು. ಊರು ನೋಡುತ್ತಿತ್ತು. ನಾನು ಎಡಗಾಲನ್ನು ಅವರ ಬೆನ್ನಿನ ಮೇಲಿಟ್ಟೆ. ಆಗ ನನಗೆ ಎಷ್ಟು ಸುಖವಾಯಿತೆಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವರ ಬೆನ್ನು ವಾಸಿಯಾಯಿತೋ, ಅದರಷ್ಟಕ್ಕೇ ಬಿಟ್ಟಿತೋ ನನಗೆ ಗೊತ್ತಿಲ್ಲ. ಬೆನ್ನಿನ ಉಳುಕು ಬಹಳ ಸಲ ನಾಲ್ಕು ದಿನಕ್ಕೆ ತಾನೇ ಬಿಡುತ್ತದೆ. ಇದನ್ನು ನನಗೆ ಹೇಳಿದವಳು ನನ್ನ ಹೆಂಡತಿ. ನಾನು ಅವಳ ಮೇಲೆ ರೇಗಿದ್ದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಬೇಸಗೆಗೆ ಮುಂಚಿನ ದಿನಗಳು. ಅಕ್ಕ ಅಟ್ಟದಿಂದ ಕಾಯಿ ಇಳಿಸಲು ಏಣಿ ಹತ್ತಿದ್ದಳು. ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ಇಳಿಯುವಾಗ ಏಣಿ ಜಾರಿತು. ಕಾಯಿಗಳು ಮೊದಲು ಉರುಳಿದವು, ಆಮೇಲೆ ಅವಳು. ಬಲಭುಜದ ಮೇಲೇ ಬಿದ್ದಳು. ನಾನು ಓಡಿ ಬಂದಾಗ ಗೋಡೆಗೆ ಒರಗಿ ಕೂತು, ಎಡಗೈಯಲ್ಲಿ ಬಲಗೈಯನ್ನು ಮಗುವಿನಂತೆ ಎತ್ತಿ ಹಿಡಿದುಕೊಂಡಿದ್ದಳು.

"ಏಳಾಕೆ ಆಯ್ತದಾ ಅಕ್ಕ?"

"ಕಾಲು ಬತ್ತವೆ. ಕೈನೇ ಬರ್ತಾ ಇಲ್ಲ ಕಣ್ಲಾ."

ನನ್ನ ಹೆಂಡತಿ ಭುಜವನ್ನು ನೋಡಿದಳು. "ಒಂದು ಕಡೆ ತಗ್ಗಾಗೈತೆ. ನಡೀರಿ ಅತ್ತಿಗೆ, ಅರಸೀಕೆರೆಗೆ ಹೋಗನ. ಹನ್ನೊಂದು ಗಂಟೆ ಬಸ್ಸು ಐತೆ."

"ಉಳುಕಿರ್ತದೆ ಬಿಡು" ಎಂದೆ ನಾನು.

"ನಿಮ್ ಕಾಲು ಬೆನ್ನಿಗೆ. ಭುಜಕ್ಕೂ ಅಂತ ಯಾರು ಹೇಳಿದ್ರು?"

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮವರ ಶಾಸ್ತ್ರದಲ್ಲೂ ಕಾಲು ಸವರುವುದು ಬೆನ್ನು ಸೊಂಟಕ್ಕೆ ಮಾತ್ರ. ಅಕ್ಕನೇ ನನ್ನ ಪರವಾಗಿ ಮಾತಾಡಿದಳು. "ಮನೇಲಿ ದೇವ್ರ ಕಾಲು ಇಟ್ಕಂಡು ಬಸ್ಸು ಹತ್ತಿ ಹೋದ್ರೆ ಊರೋರು ಏನಂದಾರು? ಹಾಸು ಚಾಪೆ."

ಒಡಹುಟ್ಟಿದ ಹಿರಿಯಳ ಮೈಗೆ ಕಾಲು ತಾಕಿಸುವುದು ಪಾಪ. ಅದಕ್ಕೆ ನಾನು ಮೊದಲು ಬಗ್ಗಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆ ನೋವಿನಲ್ಲೂ ಅವಳು ನಕ್ಕಳು. "ಕಾಲು ಮುಟ್ಟಿ ಆಮೇಲೆ ಒದೀತೀಯಾ? ಒದಿ ಒದಿ. ಎತ್ಕಂಡಿದ್ದಾಗ ಎಷ್ಟು ಒದ್ದಿಲ್ಲ ನೀನು."

ಮೂರು ಸಲ ಸವರಿದೆ. ನಾಳೆ ಸರಿಹೋಗುತ್ತದೆ ಎಂದೆ.

ಮಾರನೆಯ ದಿನ ಭುಜ ಊದಿತ್ತು. ಮೂರನೆಯ ದಿನ ಮೊಣಕೈವರೆಗೂ ನೇರಳೆ ಹಣ್ಣಿನ ಬಣ್ಣ ಇಳಿದಿತ್ತು. ಹೆಂಡತಿ ದಿನಾ ಬೆಳಿಗ್ಗೆ ಬಸ್ಸಿನ ಹೊತ್ತು ಹೇಳುತ್ತಿದ್ದಳು, ನಾನು ದಿನಾ ಇನ್ನೊಂದು ದಿನ ಎನ್ನುತ್ತಿದ್ದೆ. ಅಷ್ಟರಲ್ಲಿ ವಿಷಯ ಊರಿಗೆ ಗೊತ್ತಾಗಿತ್ತು. ನೋಡಲು ಬಂದವರು ಅಕ್ಕನ ಕೈ ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ಒಬ್ಬ, "ಏನ್ಲಾ, ಊರೋರ ಬೆನ್ನೆಲ್ಲಾ ಸರಿ ಮಾಡ್ದೋನಿಗೆ ಮನೆ ಕೈ ಬಗ್ಗಲಿಲ್ವಾ?" ಎಂದು ತಮಾಷೆ ಮಾಡಿದ. ಅವನದು ತಮಾಷೆಯೇ. ನನಗೆ ಮಾತ್ರ ಅದು ಚುಚ್ಚಿತು.

ನಾಲ್ಕನೆಯ ದಿನ ನಾನು ಮಾಡಿದ್ದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಚಿಕ್ಕಂದಿನಲ್ಲಿ ಸಂತೆಯಲ್ಲಿ ಒಬ್ಬ ನಾಟಿ ವೈದ್ಯ ಜಾರಿದ ಭುಜವನ್ನು ಕೂರಿಸುವುದನ್ನು ನೋಡಿದ್ದೆ. ನೋಡಿದ್ದು ಅಷ್ಟೇ, ಅದೂ ಜನರ ಸಂದಿಯಲ್ಲಿ. ಅಕ್ಕನನ್ನು ಅಂಗಾತ ಮಲಗಿಸಿದೆ. ಎಡಗಾಲಿನ ಹಿಮ್ಮಡಿಯನ್ನು ಅವಳ ಕಂಕುಳಿಗೆ ಕೊಟ್ಟೆ. ಎರಡು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು ಎಳೆದೆ. ಹೆಂಡತಿ ಕೊಟ್ಟಿಗೆಯಲ್ಲಿದ್ದಳು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಒಳಗೆ ಏನೋ ಸದ್ದಾಯಿತು. ಮೊದಲು ಕರಕ್ ಎಂದಿತು. ಆಮೇಲೆ ಕೈ ಬಿಡುವಾಗ ಭುಜದೊಳಗೆ ಏನೋ ಸಡಿಲವಾಗಿ ಆಡಿತು. ಗಿಟುಕು ಚಿಪ್ಪಿನಿಂದ ಬಿಟ್ಟಾಗ ಆಡುತ್ತದಲ್ಲ, ಹಾಗೆ. ಜೀವಮಾನವೆಲ್ಲ ಆ ಸದ್ದನ್ನು ಕೇಳುತ್ತಾ ಬೆಳೆದವನು ನಾನು. ಒಳಗಿನದು ಹೊರಗಿನದನ್ನು ಬಿಟ್ಟಿದೆ ಎಂದೇ ಅದರ ಅರ್ಥ. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು.

"ಕೂತ್ಕಂತು ಕಣಕ್ಕ" ಎಂದೆ.

ಅವಳ ಹಣೆಯಲ್ಲಿ ಬೆವರು ಹರಿಯುತ್ತಿತ್ತು. ಸೆರಗು ತೆಗೆದು, "ದಿಟವಾಗ್ಲೂ ಕೂತ್ಕಂತೇನ್ಲಾ?" ಎಂದು ಕೇಳಿದಳು.

"ಹೂಂ."

ಇದು ನನ್ನ ತಪ್ಪು. ಎಳೆದದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಆ ಹೂಂ ಅಂದದ್ದು ತಿಳಿದೇ. ಅಲ್ಲಿಂದ ಮುಂದೆ ಇನ್ನೂ ಎರಡು ವಾರ ಅವಳನ್ನು ಮನೆಯಲ್ಲೇ ಇಟ್ಟುಕೊಂಡೆ. ಕೈಯನ್ನು ಹಳೆಯ ಪಂಚೆಯಲ್ಲಿ ಕತ್ತಿಗೆ ಕಟ್ಟಿದೆ. ಎಣ್ಣೆ ಬಿಸಿ ಮಾಡಿ ಹಚ್ಚಿದೆ. ಆಸ್ಪತ್ರೆಗೆ ಹೋದರೆ ಫೋಟೋ ತೆಗೆಯುತ್ತಾರೆ, ಫೋಟೋದಲ್ಲಿ ನನ್ನ ಕಾಲು ಕಾಣುತ್ತದೆ ಎಂಬ ಭಯ ನನ್ನದು. ಅವಳ ಬೆರಳ ತುದಿಗಳು ಜೋಮು ಹಿಡಿಯುತ್ತಿವೆ ಎಂದಳು. ಕಟ್ಟು ಬಿಗಿಯಾಗಿರಬೇಕು ಎಂದು ಸಡಿಲಿಸಿದೆ.

ಕೊನೆಗೆ ನನ್ನ ಹೆಂಡತಿ ನನ್ನನ್ನು ಕೇಳಲಿಲ್ಲ. ಒಂದು ಬೆಳಿಗ್ಗೆ ಅಕ್ಕನಿಗೆ ಸೀರೆ ಉಡಿಸಿ, ಕೈ ಹಿಡಿದು ರಸ್ತೆಗೆ ನಡೆಸಿಕೊಂಡು ಹೋದಳು. ನಾನು ಹಿಂದೆ ಓಡಿ ಅದೇ ಬಸ್ಸು ಹತ್ತಿದೆ. ಅರಸೀಕೆರೆಯಲ್ಲಿ ಎಕ್ಸ್-ರೇ ನೋಡಿದ ಡಾಕ್ಟರು ಇದು ನಮ್ಮ ಕೈಲಾಗುವುದಲ್ಲ ಎಂದು ಚೀಟಿ ಬರೆದುಕೊಟ್ಟರು. ಎರಡು ದಿನ ಬಿಟ್ಟು ಬೆಂಗಳೂರಿನ ರೈಲು ಹತ್ತಿದೆವು. ರೈಲಿನಲ್ಲಿ ಪ್ರತಿ ಕುಲುಕಿಗೂ ಅಕ್ಕನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅವಳು ನರಳಲಿಲ್ಲ. ನರಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ತೋಳಿನ ಮೂಳೆ ತಲೆ ಗುಂಡಗೆ ಇರುತ್ತೆ. ಅದು ನಾಲ್ಕು ಚೂರಾಗಿದೆ. ಗುಂಡು ತುಂಡು ಪೂರ್ತಿ ಜಾಗ ಬಿಟ್ಟಿದೆ, ಅದಕ್ಕೆ ರಕ್ತ ಹೋಗ್ತಾ ಇಲ್ಲ. ಬಿದ್ದು ಎಷ್ಟು ದಿನ ಆಯ್ತು?"

ಹೆಂಡತಿ ಹೇಳಿದಳು. ಅವರು ತಲೆ ಅಲ್ಲಾಡಿಸಿದರು.

"ಮೊದಲ ದಿನಗಳಲ್ಲೇ ಬಂದಿದ್ರೆ ನಿಮ್ಮ ಮೂಳೆನೇ ಉಳಿಸೋಕೆ ನೋಡ್ಬಹುದಿತ್ತು. ಬರೀ ಬಿದ್ದಿದ್ದಕ್ಕೆ ಇಷ್ಟು ದೂರ ಹೋಗಿರೋದು ನನಗೆ ಅನುಮಾನ. ಯಾರಾದ್ರೂ ಎಳೆದ್ರಾ ಅಮ್ಮ?"

ನಾನು ಅವರ ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

"ಇಲ್ಲ ಸಾರ್. ನಾನೇ ಮಂಚದಿಂದ ಇನ್ನೊಂದ್ಸಲ ಬಿದ್ದೆ."

ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ಗೋಡೆಗೆ ಅಂಟಿಸಿದ್ದ ಚಿತ್ರ ನೋಡಿದೆ. ಅದರಲ್ಲಿ ಮನುಷ್ಯನ ಎಲುಬುಗಳೆಲ್ಲ ಸರಿಯಾದ ಜಾಗದಲ್ಲಿ ಇದ್ದವು.

ಸತ್ತ ಗುಂಡನ್ನು ತೆಗೆದು ಲೋಹದ ಗುಂಡು ಹಾಕಬೇಕೆಂದರು. ಒಂದು ಮಾದರಿಯನ್ನು ತಂದು ತೋರಿಸಿದರು. ಒಂದು ಗಿಟುಕನ್ನು ಅರ್ಧಕ್ಕೆ ಹೋಳು ಮಾಡಿದಂತೆ ನುಣ್ಣಗೆ ಹೊಳೆಯುವ ತಲೆ, ಅದರ ಕೆಳಗೆ ಮೂಳೆಯೊಳಗೆ ಇಳಿಸುವ ಗೇಣುದ್ದದ ಕಡ್ಡಿ. ಅಕ್ಕ ಅದನ್ನು ಎಡಗೈಯಲ್ಲಿ ತೂಗಿ ನೋಡಿದಳು.

"ಇದ್ರಲ್ಲಿ ಮಚ್ಚು ಬೀಸಬೋದಾ ಸಾರ್?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಹೆಂಡತಿ ಕೊಬ್ಬರಿಯ ಕೆಲಸ ವಿವರಿಸಿದಳು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಅದು ನನಗೆ ಈಗಲೂ ನೆನಪಿದೆ, ನಿಂತು ಹೇಳಲಿಲ್ಲ ಅವರು.

"ಸುಳ್ಳು ಹೇಳಲ್ಲ ಅಮ್ಮ. ಈ ಆಪರೇಷನ್‌ನಿಂದ ನೋವು ಹೋಗುತ್ತೆ, ಅದು ಬಹುಮಟ್ಟಿಗೆ ನಿಜ. ಊಟ ಮಾಡ್ಬಹುದು, ಸೆರಗು ಸರಿ ಮಾಡ್ಕೋಬಹುದು. ಆದ್ರೆ ಕೈ ಮೇಲಕ್ಕೆತ್ತೋದು ಗುಂಡಲ್ಲ, ಅದರ ಸುತ್ತ ಇರೋ ಮಾಂಸಖಂಡ. ಅವು ಹಿಡ್ಕೊಂಡಿರೋ ಮೂಳೆ ಚೂರುಗಳನ್ನ ಈ ಲೋಹದ ಸುತ್ತ ಕಟ್ತೀವಿ. ಅವು ಕೂಡಿಕೊಂಡ್ರೆ ಕೈ ಏಳುತ್ತೆ. ತಡವಾಗಿದೆ, ಚೂರುಗಳು ಈಗಾಗ್ಲೇ ಸವೆದಿವೆ. ಕೂಡಿಕೊಳ್ಳುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

"ಕಿವಿ ಮಟ್ಟಕ್ಕೆ ಬಂದ್ರೆ ಸಾಕು ಸಾರ್" ಎಂದಳು ಅಕ್ಕ. "ಅದಕ್ಕಿಂತ ಮೇಲೆ ನಂಗೂ ಬ್ಯಾಡ."

ಆಪರೇಷನ್ ಆಯಿತು. ಅದರ ಖರ್ಚಿಗೆಂದು ಅಟ್ಟದ ಮೇಲಿದ್ದ ಕಾಯಿಯನ್ನೆಲ್ಲ ಒಡೆಯದೆ ಹಾಗೇ ಮಾರಿದ್ದೆವು. ಅವಳಿಗೆ ಅದೇ ಸಂಕಟ. ಮತ್ತಿನಿಂದ ಎಚ್ಚರವಾದ ಮೇಲೆ ಕೇಳಿದ ಮೊದಲ ಮಾತು, "ಆ ಕಾಯಿನ ಒಡ್ದೋರು ಯಾರಂತೆ?"

ಊರಿಗೆ ಬಂದ ಮೇಲೆ ಕೆಲವು ವಾರ ಕೈಯನ್ನು ಪಟ್ಟಿಯಲ್ಲಿ ಕಟ್ಟಿಕೊಂಡೇ ಇರಬೇಕಿತ್ತು. ಆಮೇಲೆ ವ್ಯಾಯಾಮ. ಮುಂದಕ್ಕೆ ಬಾಗಿ ಕೈಯನ್ನು ಗಂಟೆಯ ನಾಲಿಗೆಯಂತೆ ತೂಗಾಡಲು ಬಿಡಬೇಕು. ಮತ್ತೆ ತಲೆಯ ಮೇಲೆ ರಾಟೆ ಕಟ್ಟಿ, ಅದರ ಹಗ್ಗದ ಒಂದು ತುದಿಯನ್ನು ಒಳ್ಳೆಯ ಕೈಯಲ್ಲಿ ಎಳೆದರೆ ಇನ್ನೊಂದು ತುದಿ ಹಿಡಿದ ಕೈ ಮೇಲೇಳುತ್ತದೆ. ನಾನು ಬಾವಿಯ ರಾಟೆಯನ್ನು ಬಿಚ್ಚಿ ತಂದು ಅಟ್ಟದ ತೊಲೆಗೆ ಕಟ್ಟಿದೆ. ಏಣಿ ಜಾರಿದ ಜಾಗದಲ್ಲೇ. ಬೇರೆ ಕಡೆ ಗಟ್ಟಿ ತೊಲೆ ಇರಲಿಲ್ಲ.

"ನೋಡ್ರೇ" ಎಂದು ಅಕ್ಕ ಬಂದವರಿಗೆ ತೋರಿಸುತ್ತಿದ್ದಳು. "ಎಲ್ರೂ ನೀರು ಸೇದಿದ್ರೆ ನಾನು ನನ್ ಕೈನೇ ಸೇದ್ತಾ ಇವ್ನಿ. ಮ್ಯಾಕೆ ಬರೋದೇ ಇಲ್ಲ ಮುಂಡೇದು."

ದಿನಕ್ಕೆ ಮೂರು ಹೊತ್ತು ಮಾಡಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ರಾಟೆ ಎತ್ತಿದಾಗ ಕೈ ಏಳುತ್ತಿತ್ತು. ಹಗ್ಗ ಬಿಟ್ಟರೆ ಬೀಳುತ್ತಿತ್ತು. ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಕಿವಿಯ ಮಟ್ಟಕ್ಕೆ ಒಂದು ಗೆರೆ ಎಳೆದುಕೊಂಡಿದ್ದಳು. ಒಂದು ವರ್ಷವಾದರೂ ಅವಳ ಕೈ ತಾನಾಗಿ ಹೊಟ್ಟೆಯ ಮಟ್ಟಕ್ಕಷ್ಟೇ ಬಂದು ನಿಂತಿತು. ಗೆರೆಗೂ ಬೆರಳಿಗೂ ನಡುವೆ ಒಂದು ಮೊಳಕ್ಕೂ ಹೆಚ್ಚು ಉಳಿಯಿತು.

ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಹೊಸ ಎಕ್ಸ್-ರೇ ನೋಡಿದರು. ಗುಂಡು ಇರಬೇಕಾದ ಕಡೆಯೇ ಇದೆ, ಸುತ್ತ ಕಟ್ಟಿದ ಮೂಳೆ ಚೂರುಗಳು ಕರಗಿಹೋಗಿವೆ ಎಂದರು. "ನೋವು ಇದೆಯಾ?" ಎಂದು ಕೇಳಿದರು.

"ನೋವಿಲ್ಲ ಸಾರ್. ನಿಮ್ಮಿಂದ ಮಲಗಿದ್ರೆ ನಿದ್ದೆ ಬತ್ತದೆ" ಎಂದು ಅಕ್ಕ ಎಡಗೈಯಿಂದ ಬಲಗೈಯನ್ನು ಎತ್ತಿ, ಎರಡನ್ನೂ ಕೂಡಿಸಿ ನಮಸ್ಕಾರ ಮಾಡಿದಳು.

ಅವಳಿಗೆ ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲಾಗುತ್ತಿರಲಿಲ್ಲ. ನನ್ನ ಹೆಂಡತಿ ಕಟ್ಟುತ್ತಿದ್ದಳು. ಒಮ್ಮೆ ಎಡಗೈಯಲ್ಲಿ ಮಚ್ಚು ಹಿಡಿದು, ಕಾಯಿಯನ್ನು ಪಾದಗಳ ನಡುವೆ ಇಟ್ಟುಕೊಂಡು ಒಡೆಯಲು ನೋಡಿದಳು. ಮೂರು ಕಾಯಿ ಒಡೆದಳು, ಮೂರೂ ಗಿಟುಕು ಸೀಳಿದವು. ಹೋಳುಗಳನ್ನು ಆರಿಸಿ ಮೊರಕ್ಕೆ ಹಾಕಿ ಒಳಗೆ ಹೋದಳು. ಮತ್ತೆ ಮಚ್ಚು ಮುಟ್ಟಲಿಲ್ಲ. ಆ ವರ್ಷ ಕೊಬ್ಬರಿ ಕಾಲಕ್ಕೆ ಅವಳಿಗೆ ಹೇಳಲು ಯಾರೂ ಬರಲಿಲ್ಲ. ಅವಳು ಮಾತ್ರ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಜಗುಲಿಯ ಮೇಲೆ ಕೂತಿರುತ್ತಿದ್ದಳು.

ಬಂದವರೆಲ್ಲ ನನ್ನನ್ನು ಹುಡುಕಿಕೊಂಡು ಬಂದರು. ಇದನ್ನು ಹೇಳಲು ಇನ್ನೂ ಕಷ್ಟ. ಊರಿನಲ್ಲಿ ಹುಟ್ಟಿದ ಮಾತು ಹೀಗಿತ್ತು: ತಮ್ಮನ ಕಾಲಿನಿಂದ ವಾಸಿಯಾಗುತ್ತಿದ್ದ ಕೈಯನ್ನು ಅವನ ಹೆಂಡತಿಯ ಮಾತು ಕೇಳಿ ಬೆಂಗಳೂರಿಗೆ ಹೊತ್ತುಕೊಂಡು ಹೋದರು, ಅಲ್ಲಿ ಕುಯ್ದು ಕಬ್ಬಿಣ ತುಂಬಿ ಕೈ ಕೆಡಿಸಿದರು. ನನ್ನ ಹೆಂಡತಿಯನ್ನು ನೀರಿನ ಹತ್ತಿರ ಹೆಂಗಸರು ಮಾತಾಡಿಸದೆ ಹೋದರು. ನಾನು ಈ ಮಾತನ್ನು ಹುಟ್ಟಿಸಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಯಾರಾದರೂ ನನ್ನ ಮುಂದೆ ಆಡಿದರೆ ನೆಲ ನೋಡುತ್ತಿದ್ದೆ. ಅವರು ಅದನ್ನು ದೊಡ್ಡತನ ಎಂದುಕೊಂಡರು.

ಹೀಗೆ ಇನ್ನೊಂದು ವರ್ಷ ಕಳೆದಿರಬೇಕು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಒಬ್ಬ ಹೆಂಗಸು ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಮುದುಕಿ ಬಚ್ಚಲಲ್ಲಿ ಬಿದ್ದಿದ್ದಳು. ಎಡಗೈಯಲ್ಲಿ ಬಲಗೈಯನ್ನು ಮಗುವಿನಂತೆ ಎತ್ತಿ ಹಿಡಿದುಕೊಂಡಿದ್ದಳು. ಅದೇ ರೀತಿ.

"ಆಸ್ಪತ್ರೆಗೆ ಹೋದ್ರೆ ನಿಮ್ಮಕ್ಕಂಗೆ ಆದಂಗೆ ಆಯ್ತದೆ ಅಂತ ಎಲ್ರೂ ಹೆದರಿಸಿದ್ರು ಕಣಣ್ಣ" ಎಂದಳು ಸೊಸೆ. "ಅದ್ಕೇ ನೇರ ಇಲ್ಲಿಗೇ ಬಂದ್ವಿ. ಒಸಿ ಕಾಲು ತಾಕ್ಸಿ."

ಅಕ್ಕ ಜಗುಲಿಯ ಮೂಲೆಯಲ್ಲಿ ಕೂತಿದ್ದಳು. ಅವಳು ಮುದುಕಿಯ ಕೈ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಏನು ಮಾಡುತ್ತೇನೆಂದು ಕಾಯುತ್ತಿದ್ದಳು.

"ಇವತ್ತು ಆಗಲ್ಲ ಕಣಮ್ಮ. ನಮಗೆ ಸೂತಕ" ಎಂದೆ.

ಸೂತಕದವರ ಕಾಲು ತಾಕಿಸಿಕೊಳ್ಳಬಾರದು. ಅವರು ಮರುಮಾತಾಡದೆ ತಿರುಗಿದರು. ಆಸ್ಪತ್ರೆಗೆ ಹೋಗಿ ಎಂದು ಅವರ ಬೆನ್ನಿಗೆ ಕೂಗಿ ಹೇಳಬಹುದಿತ್ತು. ಕೂಗಲಿಲ್ಲ, ಚಾಪೆ ಸುತ್ತಿ ಗೋಡೆಗೆ ಒರಗಿಸಿದೆ. ಅವರು ಬೇಲೂರಿನ ಕಡೆ ಯಾರೋ ಎಳೆಯುವವನ ಹತ್ತಿರ ಹೋದರೆಂದೂ, ಮುದುಕಿಯ ಕೈ ಹಾಗೇ ಮರಗಟ್ಟಿತೆಂದೂ ಆಮೇಲೆ ಕೇಳಿದೆ.

ಅವರು ರಸ್ತೆ ತಿರುಗಿದ ಮೇಲೆ ಅಕ್ಕ ಕೇಳಿದಳು. "ಯಾರು ಸತ್ರು ಅಂತ ಸೂತಕ?"

ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಅಕ್ಕ, ಅವತ್ತು ಎಳೆದಾಗ ಸದ್ದು ಬಂತು. ನಂಗೆ ಗೊತ್ತಾಯ್ತು. ಗೊತ್ತಾಗೇ ಸುಳ್ಳು ಹೇಳ್ದೆ."

"ನಂಗೆ ಕೇಳ್ಲಿಲ್ವಾ? ನನ್ ಭುಜ ಕಣೋ ಅದು."

"ಮತ್ತೆ ಡಾಕ್ಟ್ರ ಮುಂದೆ ಯಾಕೆ..."

"ಅಲ್ಲಿ ಹೇಳಿ ಏನು ಮಾಡ್ಬೇಕಿತ್ತು? ಕೈ ಬತ್ತಿತ್ತಾ?" ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಶಾಲೆ ಬಾಗ್ಲಲ್ಲಿ ನಿಂತ್ಕಂಡು ಕಾಲಲ್ಲಿ ಐತೆ ಅಂದೋಳು ನಾನೇ. ನನ್ ಬಾಯಿನೂ ಸುಮ್ನಿರ್ಲಿಲ್ಲ. ಅದು ಹೋಗ್ಲಿ. ಇವತ್ತು ಬಂದಿದ್ಲಲ್ಲ ಆ ಮುದುಕಿ, ಅವಳಿಗೆ ನೀನು ಹೇಳ್ಬೇಕಿತ್ತು. ನಂಗೆ ಹೇಳಿ ಏನು ಬಂತು? ನಾನು ಬದುಕಿರೋವಾಗ್ಲೇ ನಾಕು ಜನದ ಮುಂದೆ ಹೇಳು. ಆ ಹುಡುಗಿ ಮೇಲೆ ಬಂದಿರೋ ಮಾತೂ ಹೋಗ್ಲಿ."

ಆ ಹುಡುಗಿ ಎಂದರೆ ನನ್ನ ಹೆಂಡತಿ. ಹೇಳುತ್ತೇನೆ ಎಂದೆ. ಅಂದಿನಿಂದ ಯಾರ ಬೆನ್ನಿಗೂ ಕಾಲು ಇಡಲಿಲ್ಲ. ಬಂದವರಿಗೆ ಒಂದೊಂದು ನೆಪ. ಮಂಡಿನೋವು ಎಂದೆ, ವ್ರತ ಎಂದೆ. ನಿಜವನ್ನು ಮಾತ್ರ ಹೇಳಲಿಲ್ಲ. ಈ ಹಬ್ಬ ಕಳೆಯಲಿ, ನೆಂಟರು ಬಂದಾಗ ಹೇಳೋಣ, ಜನ ಸೇರಿದಾಗ ಹೇಳೋಣ. ಜನ ಸೇರಿದಾಗಲೆಲ್ಲ ಅಕ್ಕ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನೋಡುವುದನ್ನೂ ಬಿಟ್ಟಳು.

ನಾಲ್ಕು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಎದೆಗೆ ಇಳಿಯಿತು. ವಾರದೊಳಗೆ ಹೋದಳು. ತೋಟದ ಅಂಚಿನಲ್ಲಿ ಸುಟ್ಟೆವು. ಮೂರನೆಯ ದಿನ ಹಾಲುತುಪ್ಪಕ್ಕೆ ನೆಂಟರು, ಊರವರು ಬಂದಿದ್ದರು. ಬೂದಿಗೆ ಹಾಲು ಚಿಮುಕಿಸಿ, ಬೇಲೂರಿನಲ್ಲಿ ಯಗಚಿ ಹೊಳೆಗೆ ಬಿಡಲು ಮೂಳೆ ಆರಿಸುತ್ತಿದ್ದೆ. ಕೈಗೆ ಭಾರವಾದದ್ದು ಸಿಕ್ಕಿತು. ಉಜ್ಜಿದೆ. ಕಪ್ಪಿನ ಕೆಳಗೆ ಹೊಳಪು ಹಾಗೇ ಇತ್ತು. ಸುತ್ತಲಿನ ಮೂಳೆಯೆಲ್ಲ ಪುಡಿಯಾಗಿ, ಅರ್ಧ ಗಿಟುಕಿನಂಥ ಆ ಗುಂಡು ಮತ್ತು ಅದರ ಕಡ್ಡಿ ಮಾತ್ರ ಉಳಿದಿದ್ದವು.

ದಾಯಾದಿಗಳಲ್ಲಿ ಹಿರಿಯರೊಬ್ಬರು ಬಗ್ಗಿ ನೋಡಿದರು. "ಇದೇ ಅಲ್ವೇನಪ್ಪ ಅವಳ ಕೈ ತಿಂದಿದ್ದು? ಆಸ್ಪತ್ರೆಯೋರು ಮಾಡಿದ ಕೆಲಸ ನೋಡ್ರಪ್ಪಾ, ಬೆಂಕೀಲೂ ಸಾಯ್ಲಿಲ್ಲ."

ನನ್ನ ಹೆಂಡತಿ ಹೆಂಗಸರ ಹಿಂದೆ ನಿಂತಿದ್ದಳು. ತಲೆ ತಗ್ಗಿಸಿದಳು.

"ಇದಲ್ಲ" ಎಂದೆ ನಾನು. ಎದ್ದು ನಿಂತು ಇನ್ನೊಮ್ಮೆ ಜೋರಾಗಿ ಹೇಳಿದೆ. "ಇದಲ್ಲ. ಅವಳ ಕೈ ತಿಂದಿದ್ದು ನನ್ ಕಾಲು. ಮುರಿದಿದ್ದ ಮೂಳೆನ ಕಂಕುಳಿಗೆ ಕಾಲು ಕೊಟ್ಟು ಎಳೆದೆ. ಗೊತ್ತಿದ್ದೂ ಮನೇಲಿ ಇಟ್ಕಂಡೆ. ಆಸ್ಪತ್ರೆಗೆ ಕರ್ಕಂಡು ಹೋಗಿದ್ದು ಇವಳು, ನಾನಲ್ಲ."

ಹಿರಿಯರು ನನ್ನ ಭುಜ ಹಿಡಿದು ಕೂರಿಸಿದರು. "ಸಾಕಿದೋಳು ಹೋದ್ಲು. ದುಃಖದಾಗೆ ಹಿಂಗೆಲ್ಲಾ ಬಾಯಿಗೆ ಬತ್ತದೆ. ನೀರು ಕೊಡ್ರೋ ಅವುಂಗೆ."

ನೀರು ತಂದುಕೊಟ್ಟರು. ಕುಡಿದೆ. ಅವಳು ಬದುಕಿದ್ದಾಗ ಹೇಳಿದ್ದರೆ ಪಕ್ಕದಲ್ಲಿ ಅವಳೇ ಕೂತಿರುತ್ತಿದ್ದಳು, ಹೌದು ಎಂದಿರುತ್ತಿದ್ದಳು, ಜನ ನಂಬಲೇಬೇಕಾಗುತ್ತಿತ್ತು. ಈಗ ನನ್ನ ಮಾತಿಗೆ ಸಾಕ್ಷಿಯೆಂದರೆ ನನ್ನ ಹೆಂಡತಿ. ಅವಳ ಮಾತನ್ನು ಯಾರೂ ನಂಬದಂತೆ ನಾನೇ ವರ್ಷಗಟ್ಟಲೆ ನೋಡಿಕೊಂಡಿದ್ದೆ.

ಮೂಳೆಗಳನ್ನು ಹೊಳೆಗೆ ಬಿಟ್ಟೆ. ಗುಂಡನ್ನು ಬಿಡಲಾಗಲಿಲ್ಲ, ವಾಪಸು ತಂದೆ.

ತಿಥಿಯಾಗಿ ಎರಡು ತಿಂಗಳಿಗೆ ಜಾವಗಲ್ಲಿನ ಕಡೆಯವನೊಬ್ಬ ಬೆಳಿಗ್ಗೆಯೇ ಬಂದ. ಮಟ್ಟೆ ಸುಲಿಯುವ ಕೆಲಸದವನು. ಬಲಭುಜ ಹಿಡಿದುಕೊಂಡಿದೆ, ಒಂದು ತಿಂಗಳಿಂದ ಕೈ ಏಳುತ್ತಿಲ್ಲ ಎಂದ. ನಾನು ಮಾಡುವುದಿಲ್ಲ ಎಂದೆ. "ಅದೆಲ್ಲ ಇರ್ಲಿ ಕಣಣ್ಣ, ಒಂದ್ಸಾರಿ ಸವರ್ಬಿಡು, ನಿನ್ ಪುಣ್ಯ" ಎಂದು ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಾನೇ ಹಾಸಿಕೊಂಡು ಬೋರಲು ಮಲಗಿದ.

ನಾನು ಒಳಗೆ ಹೋದೆ. ಹೆಂಡತಿ ಒಲೆಯ ಮುಂದೆ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ಗುಂಡನ್ನು ತಂದು ಅವನ ಮುಖದ ಮುಂದೆ ಚಾಪೆಯ ಮೇಲೆ ಇಟ್ಟೆ.

"ಏನಣ್ಣ ಇದು?"

"ನಮ್ಮಕ್ಕನ ಭುಜ. ಎದ್ದು ಕೂತ್ಕ. ಹೇಳ್ತೀನಿ."

ಅವನು ಎದ್ದು ಕೂತ. ಏಣಿ ಜಾರಿದಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೆಂಡತಿ ಬಾಗಿಲಿಗೆ ಬಂದು ನಿಂತು, ನಾನು ದಿನಗಳ ಲೆಕ್ಕ ತಪ್ಪಿದ ಕಡೆ ತಿದ್ದಿದಳು. ಅವನು ಗುಂಡನ್ನು ಒಂದು ಸಲ ಬೆರಳಿನಿಂದ ಮುಟ್ಟಿ ನೋಡಿದ. ಮುಗಿದ ಮೇಲೆ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ಹೋದ. ಹನ್ನೊಂದು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅದನ್ನು ಹತ್ತಿದನೋ, ಇನ್ನೊಬ್ಬನ ಕಾಲು ಹುಡುಕಿಕೊಂಡು ಹೋದನೋ ನನಗೆ ತಿಳಿಯಲಿಲ್ಲ.